ಕ್ರಾಸ್‌ಕಂಟ್ರಿ ಸ್ಪರ್ಧೆಗೆ ಟೈರು: ಎರಡು ಹಂಗಾಮು, ಮೂರು ಜೋಡಿ

ಸ್ಪರ್ಧೆಗೆಂದು ಮೊದಲ ಸಲ ಮೌಂಟನ್ ಬೈಕಿನ ಟೈರು ಕೊಳ್ಳಲು ಹೋದಾಗ ನಾನು ಅದನ್ನು ತಕ್ಕಡಿಯ ಮೇಲಿಟ್ಟು ನೋಡಿ ಕೊಂಡೆ. ಬೆಂಗಳೂರಿನ ಆ ಸೈಕಲ್ ಅಂಗಡಿಯ ಕೌಂಟರಿನ ಮೇಲೆ ಬಿಡಿಭಾಗಗಳನ್ನು ತೂಗಲೆಂದೇ ಒಂದು ಪುಟ್ಟ ಡಿಜಿಟಲ್ ತಕ್ಕಡಿ ಇತ್ತು. ಒಂದು ಟೈರು 720 ಗ್ರಾಂ ತೋರಿಸಿತು, ಇನ್ನೊಂದು 560. ಏರಿನಲ್ಲಿ ಪ್ರತಿ ಗ್ರಾಮಿಗೂ ಬೆಲೆಯಿದೆ ಎಂದು ಎಲ್ಲೋ ಓದಿಕೊಂಡಿದ್ದ ನಾನು ಎರಡನೆಯದನ್ನೇ ಜೋಡಿಯಾಗಿ ಹಾಕಿಸಿಕೊಂಡು ಬಂದೆ. ನಾಲ್ಕು ವಾರಗಳ ನಂತರ, ಐದು ಸುತ್ತಿನ ಸ್ಪರ್ಧೆಯ ಮೂರನೆಯ ಸುತ್ತಿನಲ್ಲಿ, ಬಂಡೆಯೊಂದರ ಅಂಚಿಗೆ ಉಜ್ಜಿದ ಹಿಂದಿನ ಟೈರಿನ ಸೈಡ್‌ವಾಲ್, ಅಂದರೆ ಪಕ್ಕದ ಗೋಡೆ, ಹೆಬ್ಬೆರಳ ಉಗುರಿನಷ್ಟು ಉದ್ದಕ್ಕೆ ಸೀಳಿತು. ತೂತು ಮುಚ್ಚಲೆಂದು ಒಳಗೆ ಹಾಕಿದ್ದ ಸೀಲೆಂಟ್ ದ್ರವ ಮಜ್ಜಿಗೆ ಚೆಲ್ಲಿದಂತೆ ಕಾಲಿಗೆಲ್ಲ ಸಿಡಿಯಿತು, ಸೀಳಿಗೆ ತುರುಕಿದ ರಬ್ಬರ್ ಪ್ಲಗ್ ಎರಡು ಸಲವೂ ಕಿತ್ತುಬಂತು, ಉಳಿದ ದಾರಿಯನ್ನು ಸೈಕಲ್ ನೂಕಿಕೊಂಡು ನಡೆದು ಮುಗಿಸಿದೆ. ಆ ಟೈರಿನ ಹೆಸರು ಇಲ್ಲಿ ಬೇಡ. ಅದು ಬೇರೆ ನೆಲಕ್ಕೆಂದು ಮಾಡಿದ ಟೈರು, ಅದನ್ನು ಈ ನೆಲಕ್ಕೆ ತಂದವನು ನಾನು.

ಆ ನಂತರದ ಎರಡು ಹಂಗಾಮುಗಳಲ್ಲಿ ನಾನು ಓಡಿಸಿದ ಮೂರು ಜೋಡಿಗಳ ವಿಮರ್ಶೆ ಇದು: ಕಾಂಟಿನೆಂಟಲ್‌ನ ರೇಸ್ ಕಿಂಗ್, ವಿಟೋರಿಯಾದ ಬಾರ್ಜೊ ಮತ್ತು ಮೆಜ್ಕಲ್, ಮ್ಯಾಕ್ಸಿಸ್‌ನ ರೆಕಾನ್ ರೇಸ್ ಮತ್ತು ಆಸ್ಪೆನ್. ಓದುವವರು ತಮ್ಮ ತಮ್ಮ ಲೆಕ್ಕ ಹಾಕಿಕೊಳ್ಳಲು ಕೆಲವು ಅಳತೆಗಳನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತೂಕ 68 ಕಿಲೊ. ಸೈಕಲ್ ಸುಮಾರು 12 ಕಿಲೊ ತೂಗುವ, 29 ಇಂಚಿನ ಚಕ್ರಗಳ, ಹಿಂದೆ ಸಸ್ಪೆನ್ಷನ್ ಇಲ್ಲದ ಹಾರ್ಡ್‌ಟೇಲ್. ರಿಮ್ಮಿನ ಒಳ ಅಗಲ 25 ಮಿ.ಮೀ. ಎಲ್ಲ ಟೈರುಗಳನ್ನೂ ಟ್ಯೂಬ್ ಇಲ್ಲದೆ, ಸೀಲೆಂಟ್ ಹಾಕಿಯೇ ಓಡಿಸಿದ್ದೇನೆ. ವಾರದ ಅಭ್ಯಾಸ ಯಲಹಂಕದ ಆಚೆಯ ಅವಲಹಳ್ಳಿಯ ಹಾದಿಗಳಲ್ಲಿ. ಸ್ಪರ್ಧೆ ಎಲ್ಲಿದ್ದರೆ ಅಲ್ಲಿ.

ಟೈರಿಗಿಂತ ಮೊದಲು ನೆಲದ ಮಾತು. ಯುರೋಪಿನ ವಿಮರ್ಶೆಗಳನ್ನು ಓದಿ ಟೈರು ಆರಿಸುವವರು ಎಡವುವುದು ಇಲ್ಲಿಯೇ. ಅಲ್ಲಿನ ಬರಹಗಳಲ್ಲಿ ಬರುವ ನೆಲ ಹೆಚ್ಚಾಗಿ ಕಾಡಿನ ಮೆತ್ತನೆಯ ಕಪ್ಪು ಮಣ್ಣು, ಒದ್ದೆ ಬೇರು, ಹಸಿ ಎಲೆ. ನಮ್ಮ ಬಯಲುಸೀಮೆಯಲ್ಲಿ ವರ್ಷದ ಎಂಟು ತಿಂಗಳು ಸಿಗುವುದು ಬಿಸಿಲಿಗೆ ಹೆಂಚಿನಂತೆ ಗಟ್ಟಿಯಾದ ಕೆಂಪು ನೆಲ, ಅದರ ಮೇಲೆ ರಾಗಿ ಹರಡಿದ ಹಾಗೆ ಸಡಿಲವಾಗಿ ಬಿದ್ದಿರುವ ಗರಸು. ಕೆಳಗಿನ ನೆಲ ಹಿಡಿಯುತ್ತದೆ, ಮೇಲಿನ ಗರಸು ಜಾರಿಸುತ್ತದೆ. ನೆಟ್ಟಗೆ ಹೋಗುವಾಗ ಏನೂ ತಿಳಿಯುವುದಿಲ್ಲ, ತಿರುವಿನಲ್ಲಿ ಸೈಕಲ್ ವಾಲಿದ ಕೂಡಲೇ ತಿಳಿಯುತ್ತದೆ. ಅಲ್ಲಲ್ಲಿ ಗ್ರಾನೈಟ್ ಬಂಡೆಯ ಹಾಸು ಎದ್ದು ಬರುತ್ತದೆ. ಬಂಡೆಯ ಮೈ ಉಪ್ಪುಕಾಗದದಂತೆ ಹಿಡಿತ ಕೊಟ್ಟರೂ ಒಡೆದ ಅಂಚು ಬ್ಲೇಡಿನಂತಿರುತ್ತದೆ. ನೀಲಗಿರಿ ತೋಪುಗಳಲ್ಲಿ ಒಣ ಎಲೆಯ ರಾಶಿ ಎಣ್ಣೆ ಸವರಿದಂತೆ ಜಾರುತ್ತದೆ. ಇನ್ನು ಗದಗದ ಕಡೆಯ ಎರೆ ಮಣ್ಣಿಗೆ ಎರಡು ಹನಿ ಮಳೆ ಬಿದ್ದರೆ ಯಾವ ಟೈರೂ ಟೈರಾಗಿ ಉಳಿಯುವುದಿಲ್ಲ, ಆ ಮಾತು ಮುಂದೆ ಬರುತ್ತದೆ. ಇಂಥ ನೆಲದಲ್ಲಿ ಟೈರು ಆರಿಸುವಾಗ ಮೊದಲು ನೋಡಬೇಕಾದದ್ದು ಸೈಡ್‌ವಾಲ್, ಎರಡನೆಯದು ಗಾಳಿಯ ಒತ್ತಡ, ಮೂರನೆಯದು ಬಟನ್ ಎಂದು ನಾವು ಕರೆಯುವ ರಬ್ಬರ್ ಉಬ್ಬುಗಳ ವಿನ್ಯಾಸ. ಅಂಗಡಿಯಲ್ಲಿ ಮಾತ್ರ ಎಲ್ಲರ ಕಣ್ಣೂ ಮೊದಲು ಬೀಳುವುದು ಬಟನ್‌ಗಳ ಮೇಲೆ, ಆಮೇಲೆ ತಕ್ಕಡಿಯ ಮೇಲೆ.

ತೂಕದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ನೋಡಿದೆ, ಮೊದಲೇ ಹಾಕಿದ್ದರೆ ಆ ಸೈಡ್‌ವಾಲ್ ಸೀಳುತ್ತಿರಲಿಲ್ಲ. ಟೈರಿಗೆ 160 ಗ್ರಾಮಿನಂತೆ ಜೋಡಿಗೆ ಉಳಿಸಿದ್ದು 320 ಗ್ರಾಂ. ನಾನು ಮತ್ತು ಸೈಕಲ್ ಸೇರಿ 80 ಕಿಲೊ. ಅಂದರೆ ಉಳಿತಾಯ ನೂರಕ್ಕೆ 0.4. ಕಡಿದಾದ ಏರಿನಲ್ಲಿ ಬಲದ ಬಹುಪಾಲು ತೂಕವನ್ನು ಎತ್ತುವುದಕ್ಕೇ ಹೋಗುವುದರಿಂದ, ಐದು ನಿಮಿಷದ ಏರಿನಲ್ಲಿ ನನಗೆ ದಕ್ಕಿದ ಲಾಭ ಹೆಚ್ಚೆಂದರೆ ಒಂದು ಸೆಕೆಂಡು ಚಿಲ್ಲರೆ, ಐದು ಸುತ್ತಿಗೆ ಆರು ಸೆಕೆಂಡು. ತಿರುಗುವ ಭಾಗದ ತೂಕ ಎರಡರಷ್ಟು ಲೆಕ್ಕಕ್ಕೆ ಬರುತ್ತದೆ ಎಂಬ ಮಾತು ವೇಗ ಏರಿಸುವ ಕ್ಷಣಗಳಿಗೆ ಸರಿ. ಒಂದೇ ಗತಿಯಲ್ಲಿ ಏರುವಾಗ ಟೈರಿನ ಗ್ರಾಮಿಗೂ ಜೇಬಿನಲ್ಲಿರುವ ಬಾಳೆಹಣ್ಣಿನ ಗ್ರಾಮಿಗೂ ವ್ಯತ್ಯಾಸವಿಲ್ಲ. ಆ ಆರು ಸೆಕೆಂಡಿನ ಆಸೆಗೆ ನಾನು ನಡೆದದ್ದು ಇಪ್ಪತ್ತೈದು ನಿಮಿಷ.

ವಿಶ್ವಮಟ್ಟದ ಸವಾರರಿಗೂ ಪಂಕ್ಚರ್ ತಪ್ಪಿದ್ದಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಲಾಂಕೂರ್ ಗುಡ್ಡದ ಜಲ್ಲಿ ಹಾಸಿದ ಗಟ್ಟಿ ಹಾದಿಯ ಮೇಲೆ ನೆದರ್ಲೆಂಡ್ಸ್‌ನ ಪುಕ್ ಪೀಟರ್ಸೆ ಪದಕದ ಸ್ಥಾನದಲ್ಲಿದ್ದಾಗ ಪಂಕ್ಚರ್ ಆಗಿ ನಾಲ್ಕನೆಯವರಾದರು. ಮರುದಿನ ಪುರುಷರ ಸ್ಪರ್ಧೆಯಲ್ಲಿ ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಅವರ ಮುಂದಿನ ಚಕ್ರದ ಗಾಳಿ ಹೋಯಿತು. ತಂಡದವರು ನಿಲ್ಲುವ ತಾಂತ್ರಿಕ ವಲಯದಲ್ಲಿ ಚಕ್ರ ಬದಲಿಸಿಕೊಂಡು, ಸುಮಾರು 40 ಸೆಕೆಂಡು ಹಿಂದೆ ಬಿದ್ದು, ಕೊನೆಗೆ ಫ್ರಾನ್ಸಿನ ವಿಕ್ಟರ್ ಕೊರೆಟ್ಸ್ಕಿ ಅವರನ್ನು ಹಿಂದಿಕ್ಕಿ ಚಿನ್ನ ಗೆದ್ದರು. ಅವರಿಗೆ ಅಲ್ಲಿ ಗಾಳಿ ತುಂಬಿದ ಮತ್ತೊಂದು ಚಕ್ರ ಹಿಡಿದುಕೊಂಡು ನಿಂತ ಮೆಕ್ಯಾನಿಕ್ ಇದ್ದರು. ನಮ್ಮ ಜಿಲ್ಲಾ ಮಟ್ಟದ ಸ್ಪರ್ಧೆಗಳಲ್ಲಿ ಆ ವಲಯದಲ್ಲಿ ನಿಂತಿರುವುದು ಹೆಚ್ಚಾಗಿ ನಮ್ಮ ನೀರಿನ ಬಾಟಲಿ ಹಿಡಿದ ತಮ್ಮನೋ ಗೆಳೆಯನೋ. ಹೀಗಿರುವಾಗ ಅವರು ಹಾಕುವ ತೆಳುಗವಚದ ಟೈರನ್ನೇ ನಾವೂ ಹಾಕಬೇಕೆಂಬ ಹಟ ನನಗೆ ಅರ್ಥವಾಗುವುದಿಲ್ಲ.

ಟೈರಿನ ಕವಚವೆಂದರೆ ರಬ್ಬರಿನಲ್ಲಿ ಅದ್ದಿದ ನೈಲಾನ್ ದಾರಗಳ ಹಾಸು. ಒಂದು ಇಂಚಿನಲ್ಲಿ ಎಷ್ಟು ದಾರ ಎಂಬುದನ್ನು ಟಿಪಿಐ ಎಂದು ಬರೆದಿರುತ್ತಾರೆ. 60 ಇದ್ದರೆ ದಾರ ದಪ್ಪ, ಕವಚ ಬಿರುಸು. 120 ಇದ್ದರೆ ದಾರ ತೆಳು, ಕವಚ ಮೃದು. ಮೃದುವಾದ ಕವಚ ಕಲ್ಲನ್ನು ಸುತ್ತಿಕೊಂಡು ಉರುಳುತ್ತದೆ, ಹಾಗಾಗಿ ಸ್ಪರ್ಧೆಗೆ 120ರದೇ ಬೇಕು. ಆದರೆ ಬರೀ 120ರ ಕವಚ ಬಂಡೆಯ ಅಂಚಿಗೆ ತಡೆಯುವುದಿಲ್ಲ. ಆದ್ದರಿಂದ ಕಂಪನಿಗಳು ಸೈಡ್‌ವಾಲಿಗೆ ಒತ್ತಾಗಿ ನೇಯ್ದ ಇನ್ನೊಂದು ಪದರ ಸೇರಿಸುತ್ತವೆ. ಮ್ಯಾಕ್ಸಿಸ್ ಅದನ್ನು ಎಕ್ಸೋ ಎನ್ನುತ್ತದೆ, ಕಾಂಟಿನೆಂಟಲ್ ಪ್ರೊಟೆಕ್ಷನ್ ಎನ್ನುತ್ತದೆ, ವಿಟೋರಿಯಾದಲ್ಲಿ ಎಕ್ಸ್‌ಸಿ ರೇಸ್ ಎಂಬುದು ತೆಳುವಾದದ್ದು, ಎಕ್ಸ್‌ಸಿ ಟ್ರೇಲ್ ಎಂಬುದು ಪದರ ಸೇರಿದ್ದು. ಶ್ವಾಲ್ಬೆ ಸೂಪರ್ ರೇಸ್, ಸೂಪರ್ ಗ್ರೌಂಡ್ ಎಂದು ಬೇರ್ಪಡಿಸುತ್ತದೆ. ಒಂದೇ ಹೆಸರಿನ, ಒಂದೇ ಬಟನ್‌ನ ಟೈರು ಎರಡು ಮೂರು ಕವಚಗಳಲ್ಲಿ ಬರುವುದರಿಂದ ಹೆಸರು ಹೇಳಿ ಕೊಂಡರೆ ಸಾಲದು, ಸೈಡ್‌ವಾಲಿನ ಮೇಲಿನ ಸಣ್ಣಕ್ಷರ ಓದಿ ಕೊಳ್ಳಬೇಕು. ಓದಲು ಪುರಸೊತ್ತಿಲ್ಲದಿದ್ದರೆ ಬೆರಳಿಗೆ ಕೆಲಸ ಕೊಡಿ: ಮಡಿಸಿಟ್ಟ ಟೈರಿನ ಸೈಡ್‌ವಾಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಉಜ್ಜಿದಾಗ ಹಳೆಯ ಐದುನೂರರ ನೋಟಿನ ಹಾಗೆ ಮಡಿಕೆಯಾದರೆ ತೆಳುವಾದದ್ದು, ಚಪ್ಪಲಿಯ ಪಟ್ಟಿಯ ಹಾಗೆ ತಿರುಗಿ ಎದ್ದು ನಿಂತರೆ ಪದರ ಇರುವಂಥದ್ದು.

ಇನ್ನು ಗಾಳಿ. ಮನೆಗಳಲ್ಲಿ ನಾವೆಲ್ಲ ಬೆಳೆದದ್ದು ಹೆಬ್ಬೆರಳಿಂದ ಒತ್ತಿ, ಕಲ್ಲಿನ ಹಾಗಿದ್ದರೆ ಸರಿ ಎಂದು ಹೇಳುವ ಶಾಸ್ತ್ರದಲ್ಲಿ. ಡಾಂಬರು ರಸ್ತೆಗೆ ಅದು ಸರಿ. ಗರಸಿನ ಹಾದಿಯಲ್ಲಿ ಬಿರುಸು ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ. ಪುಟಿದಾಗಲೆಲ್ಲ ಮುಂದೆ ಹೋಗಬೇಕಾದ ಶಕ್ತಿ ಮೇಲೆ ಹೋಗಿ, ಕೊನೆಗೆ ಸವಾರನ ತೋಳು ತೊಡೆಗಳ ನಡುಕದಲ್ಲಿ ಮುಗಿಯುತ್ತದೆ. ಅದೇ ಟೈರಿನ ಗಾಳಿ ಇಳಿಸಿದರೆ ಕವಚ ಕಲ್ಲನ್ನು ನುಂಗಿಕೊಂಡು ಸೈಕಲನ್ನು ಮಟ್ಟವಾಗಿ ಸಾಗಿಸುತ್ತದೆ. ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ಟೈರುಗಳು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಬಂದದ್ದಕ್ಕೆ ಇದೇ ಕಾರಣ. ಕೆಸರು, ಹುಲ್ಲಿನ ಮೇಲೆ ತೆಳು ಟೈರಿನ ಸೈಕಲ್ ಓಡಿಸುವ ಸೈಕ್ಲೊಕ್ರಾಸ್ ಸ್ಪರ್ಧೆಯಲ್ಲಿರುವಂತೆ ಟೈರಿನ ಅಗಲ 33 ಮಿ.ಮೀ. ಮೀರಬಾರದೆಂಬ ಕಟ್ಟಳೆ ಇಲ್ಲಿ ಇಲ್ಲ. ಹಾಗಾಗಿ ಒಂದು ಕಾಲಕ್ಕೆ 2.1 ಇಂಚೇ ಸಾಕೆನ್ನುತ್ತಿದ್ದವರು 2.25ಕ್ಕೆ, ಅಲ್ಲಿಂದ 2.4ಕ್ಕೆ ಬಂದು ನಿಂತಿದ್ದಾರೆ. ಚಕ್ರದ ಗಾತ್ರದ ವಾದವೂ ಹೀಗೆಯೇ ಮುಗಿಯಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 29 ಇಂಚಿನ ಚಕ್ರದ ಮೇಲಿದ್ದ ಯಾರೊಸ್ಲಾವ್ ಕುಲ್ಹಾವಿ 27.5ರ ಮೇಲಿದ್ದ ನಿನೊ ಶುರ್ಟರ್ ಅವರನ್ನು ಒಂದೇ ಸೆಕೆಂಡಿನಿಂದ ಹಿಂದಿಕ್ಕಿದಾಗ ವಾದ ಇನ್ನೂ ಬಿಸಿಯಾಗಿತ್ತು. ಈಗ ಸ್ಪರ್ಧೆಯ ಸೈಕಲ್ ಎಂದರೆ 29 ಎಂದೇ ಅರ್ಥ.

ನನ್ನ ತೂಕಕ್ಕೆ, 2.25ರ ಟೈರಿಗೆ, ಮುಂದೆ 18 ಮತ್ತು ಹಿಂದೆ 20ರಿಂದ 21 ಪಿಎಸ್‌ಐ (ಒಂದು ಚದರ ಇಂಚಿಗೆ ಎಷ್ಟು ಪೌಂಡ್ ಎಂಬ ಗಾಳಿಯೊತ್ತಡದ ಅಳತೆ) ಸರಿಹೊಂದಿತು. ಇದನ್ನು ಹಾಗೆಯೇ ನಕಲು ಮಾಡಬೇಡಿ. 24ರಿಂದ ಶುರುಮಾಡಿ, ಗೊತ್ತಿರುವ ಒಂದೇ ಹಾದಿಯಲ್ಲಿ ಒಂದೊಂದೇ ಪಿಎಸ್‌ಐ ಇಳಿಸುತ್ತ ಹೋದರೆ ಒಂದು ಹಂತದಲ್ಲಿ ಹಿಂದಿನ ರಿಮ್ ಕಲ್ಲಿಗೆ ಠಣ್ಣೆಂದು ಬಡಿಯುತ್ತದೆ, ಇಲ್ಲವೇ ತಿರುವಿನಲ್ಲಿ ಟೈರು ಪಕ್ಕಕ್ಕೆ ಹೊರಳಿದ ಹಾಗಾಗುತ್ತದೆ. ಅಲ್ಲಿಂದ ಒಂದೂವರೆ ಪಿಎಸ್‌ಐ ಮೇಲಕ್ಕೆ ಬಂದರೆ ಅದೇ ನಿಮ್ಮ ಸಂಖ್ಯೆ. ಇದಕ್ಕೆ ಡಿಜಿಟಲ್ ಗೇಜ್ ಬೇಕೇ ಬೇಕು. ನಿಂತು ಹೊಡೆಯುವ ಪಂಪಿನ 160ರವರೆಗಿನ ಮುಳ್ಳಿನ ಗೇಜಿನಲ್ಲಿ 18ಕ್ಕೂ 22ಕ್ಕೂ ನಡುವೆ ಇರುವುದು ಒಂದು ಕೂದಲೆಳೆ. ಇನ್ನೊಂದು ವಿಷಯವನ್ನು ನಮ್ಮ ಬಿಸಿಲಿನವರು ಮರೆಯಬಾರದು. ಬೆಳಿಗ್ಗೆ 20 ಡಿಗ್ರಿ ತಂಪಿನಲ್ಲಿ 20 ಪಿಎಸ್‌ಐ ತುಂಬಿದ ಟೈರು, ಮಧ್ಯಾಹ್ನದ ಸರದಿಗಾಗಿ ಬಿಸಿಲಲ್ಲಿ ನಿಂತು 40 ಡಿಗ್ರಿಗೆ ಕಾದರೆ, ಒತ್ತಡ 22 ದಾಟುತ್ತದೆ. ವಾರಗಟ್ಟಲೆ ಒದ್ದಾಡಿ ಕಂಡುಕೊಂಡ ಸಂಖ್ಯೆ ಸಾಲಿನಲ್ಲಿ ನಿಂತಿರುವಾಗಲೇ ಕೈಬಿಟ್ಟು ಹೋಗಿರುತ್ತದೆ. ನಾನು ಈಗ ಸೈಕಲನ್ನು ನೆರಳಿಗೆ ನಿಲ್ಲಿಸಿ, ಕರೆ ಬರುವುದಕ್ಕೆ ಹತ್ತು ನಿಮಿಷ ಮೊದಲು ಇನ್ನೊಮ್ಮೆ ಅಳೆಯುತ್ತೇನೆ.

ಈಗ ಮೂರು ಜೋಡಿಗಳಿಗೆ ಬರೋಣ. ರೇಸ್ ಕಿಂಗ್ 2.2 ಇಂಚು, ಪ್ರೊಟೆಕ್ಷನ್ ಕವಚ, ಬ್ಲ್ಯಾಕ್‌ಚಿಲಿ ಎಂಬ ರಬ್ಬರ್. ಬಟನ್‌ಗಳು ಗಿಡ್ಡ, ಚಿಕ್ಕ, ಒತ್ತೊತ್ತಾಗಿವೆ. ಟೈರು ರಿಮ್ಮಿನ ಮೇಲೆ ದುಂಡಗೆ ಕೂರುತ್ತದೆ. ಮೂರರಲ್ಲಿ ಹಗುರವೂ ಇದೇ, ಉರುಳುವುದರಲ್ಲಿ ಸಲೀಸೂ ಇದೇ. ಹಾದಿಯಿಂದ ಹಾದಿಗೆ ಡಾಂಬರಿನ ಮೇಲೆ ಹೋಗುವಾಗ ಮೌಂಟನ್ ಬೈಕಿನ ಗುಂಯ್‌ಗುಡುವ ಸದ್ದು ಇದರಲ್ಲಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಅವಲಹಳ್ಳಿಯಲ್ಲಿ ನಾನು ಅಳೆಯುವ ನಾಲ್ಕು ಕಿಲೊಮೀಟರಿನ ಸುತ್ತಿನ ಗಟ್ಟಿ ನೆಲದ ಅರ್ಧದಲ್ಲಿ ಇದು ಉಳಿದೆರಡನ್ನೂ ಐದಾರು ಸೆಕೆಂಡು ಹಿಂದೆ ಬಿಟ್ಟಿತು. ಗರಸಿನ ತಿರುವುಗಳು ಬಂದಾಗ ಗಿಡ್ಡ ಬಟನ್‌ನ ಎಲ್ಲ ಟೈರುಗಳಂತೆ ಇದೂ ಸವಾರನಿಂದ ಮುಂಚಿತವಾದ ಬ್ರೇಕನ್ನೂ ಮೆದುವಾದ ಕೈಯನ್ನೂ ಕೇಳುತ್ತದೆ. ಉದ್ದ ಏರು, ನೇರ ಇಳಿಜಾರು, ಹಳ್ಳಿಯ ಬಂಡಿದಾರಿ ಇರುವ ಮ್ಯಾರಥಾನ್ ಸ್ಪರ್ಧೆಗೆ ಎರಡೂ ಚಕ್ರಕ್ಕೆ ಇದನ್ನು ಕಣ್ಣುಮುಚ್ಚಿ ಹೇಳುತ್ತೇನೆ. ತಿರುವುಗಳೇ ತುಂಬಿದ, ಒಂದೂವರೆ ಗಂಟೆಯೊಳಗೆ ಮುಗಿಯುವ ಸುತ್ತಿನ ಸ್ಪರ್ಧೆಗೆ ಹಿಂದಿನ ಚಕ್ರಕ್ಕೆ ಮಾತ್ರ.

ಎರಡನೆಯದು ವಿಟೋರಿಯಾದ ಜೋಡಿ, ಮುಂದೆ ಬಾರ್ಜೊ, ಹಿಂದೆ ಮೆಜ್ಕಲ್, ಎರಡೂ 2.25 ಇಂಚಿನ ಎಕ್ಸ್‌ಸಿ ಟ್ರೇಲ್ ಕವಚದವು. ಮೆಜ್ಕಲ್‌ನ ನಡುವಿನ ಬಟನ್‌ಗಳು ಹುಣಸೆಬೀಜ ಜೋಡಿಸಿಟ್ಟ ಹಾಗೆ ಒತ್ತಾಗಿ ಸಾಲುಗಟ್ಟಿವೆ; ಪೆಡಲ್ ತುಳಿಯುವಾಗ ಅವು ಒಂದಕ್ಕೊಂದು ಆನಿಸಿಕೊಂಡು ನಿಲ್ಲುವುದರಿಂದ ಬಟನ್ ಬಾಗಿ ಶಕ್ತಿ ಸೋರುವುದು ಕಡಿಮೆ. ಬಾರ್ಜೊದವು ಎತ್ತರ, ನಡುವೆ ಜಾಗ ಬಿಟ್ಟು ಕೂರಿಸಿದವು. ಗರಸನ್ನು ಪಕ್ಕಕ್ಕೆ ಸರಿಸಿ ಕೆಳಗಿನ ಗಟ್ಟಿ ನೆಲ ಮುಟ್ಟುವಷ್ಟು ಉದ್ದ ಅವಕ್ಕಿದೆ. ಈ ಜೋಡಿಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಒಂದು ನಿರ್ದಿಷ್ಟ ತಿರುವಿನಲ್ಲಿ. ಅವಲಹಳ್ಳಿಯ ಸುತ್ತಿನಲ್ಲಿ ನೀಲಗಿರಿ ಎಲೆ ಬಿದ್ದಿರುವ, ಹೊರಕ್ಕೆ ವಾಲಿದ, ಎಡಕ್ಕೆ ತಿರುಗುವ ಇಳಿಜಾರೊಂದಿದೆ. ಅಲ್ಲಿ ನಾನು ಸದಾ ಎಡಗಾಲನ್ನು ಪೆಡಲಿನಿಂದ ಬಿಡಿಸಿ, ಬೀಳುವುದಕ್ಕೆ ಸಿದ್ಧನಾಗಿಯೇ ಇಳಿಯುತ್ತಿದ್ದೆ. ಬಾರ್ಜೊ ಹಾಕಿದ ಮೂರನೆಯ ದಿನ ತಿರುವು ದಾಟಿ ಹತ್ತು ಗಜ ಮುಂದೆ ಹೋದ ಮೇಲೆ ಗಮನಿಸಿದೆ, ಕಾಲು ಪೆಡಲಿನ ಮೇಲೆಯೇ ಇತ್ತು. ಗಡಿಯಾರ ತೋರಿಸಿದ ವ್ಯತ್ಯಾಸ ಎರಡೇ ಸೆಕೆಂಡು. ಆದರೆ ಪ್ರತಿ ಸುತ್ತಿನಲ್ಲೂ ಹೆದರಿಕೆಯಿಂದ ಬಿಗಿಯುತ್ತಿದ್ದ ಕೈ ಬಿಗಿಯದೆ ಉಳಿದದ್ದು ಐದನೆಯ ಸುತ್ತಿನಲ್ಲಿ ಅದಕ್ಕಿಂತ ಹೆಚ್ಚು ಲಾಭ ಕೊಟ್ಟಿತು.

ಮುಂದೆ ಒಂದು, ಹಿಂದೆ ಒಂದು ಬಗೆಯ ಟೈರು ಹಾಕುವುದು ಹೊಸಬರಿಗೆ ವಿಚಿತ್ರವಾಗಿ ಕಾಣಬಹುದು. ಮುಂದಿನ ಟೈರಿನ ಕೆಲಸ ತಿರುಗಿಸುವುದು ಮತ್ತು ನಿಲ್ಲಿಸುವುದು. ಅದು ಜಾರಿದರೆ ಸವಾರ ನೆಲಕ್ಕೆ. ಹಿಂದಿನದರ ಮೇಲೆ ಹೆಚ್ಚು ಭಾರ ಬೀಳುತ್ತದೆ, ಹಾಗಾಗಿ ಉರುಳುವಿಕೆಯ ನಷ್ಟದಲ್ಲಿ ಹೆಚ್ಚು ಪಾಲು ಅದರದು. ಅದು ಸ್ವಲ್ಪ ಜಾರಿದರೂ ಸೊಂಟ ತಿರುಗಿಸಿ ಸಂಭಾಳಿಸಿಕೊಳ್ಳಬಹುದು. ಶ್ವಾಲ್ಬೆ ಕಂಪನಿ ಇದನ್ನೇ ಹೆಸರಿನಲ್ಲಿ ಬಿಡಿಸಿ, ಮುಂದಿನದಕ್ಕೆ ರೇಸಿಂಗ್ ರೇ, ಹಿಂದಿನದಕ್ಕೆ ರೇಸಿಂಗ್ ರಾಲ್ಫ್ ಎಂದು ಎರಡು ಟೈರು ಮಾಡಿದೆ. ರಬ್ಬರಿನ ಗುಣವನ್ನು ಟೈರಿನ ಮೇಲಿನ ಬಣ್ಣದ ಗೆರೆಯಿಂದ ಗುರುತಿಸಬಹುದು, ಕೆಂಪು ಗೆರೆಯದು ವೇಗಕ್ಕೆ, ನೀಲಿಯದು ವೇಗ ಮತ್ತು ಹಿಡಿತದ ನಡುವೆ. ನಾನು ಅವನ್ನು ಓಡಿಸಿಲ್ಲವಾದ್ದರಿಂದ ಇದಕ್ಕಿಂತ ಹೆಚ್ಚು ಹೇಳಲಾರೆ.

ಮೂರನೆಯ ಜೋಡಿ ಮ್ಯಾಕ್ಸಿಸ್‌ನದು, ಮುಂದೆ ರೆಕಾನ್ ರೇಸ್, ಹಿಂದೆ ಆಸ್ಪೆನ್, ಎರಡೂ 2.4 ಇಂಚು ಅಗಲದ, ಎಕ್ಸೋ ಪದರದ 120 ಟಿಪಿಐ ಟೈರುಗಳು. ಸೈಡ್‌ವಾಲಿನ ಮೇಲೆ ಡಬ್ಲ್ಯೂಟಿ ಎಂಬ ಎರಡಕ್ಷರ ಇವೆ, ಅಂದರೆ ಅಗಲ ರಿಮ್ಮಿಗೆಂದು ರೂಪಿಸಿದ್ದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 25 ಮಿ.ಮೀ. ರಿಮ್ಮಿಗೆ ಇಷ್ಟು ಅಗಲದ ಟೈರು ಹಾಕಿದರೆ ಅದು ಬುಡ ಸಣ್ಣ, ತಲೆ ದಪ್ಪ ಇರುವ ಬುಗುರಿಯಂತೆ ನಿಂತು ತಿರುವಿನಲ್ಲಿ ಹೊರಳುತ್ತದೆ. ಅದಕ್ಕಾಗಿ ಗೆಳೆಯರೊಬ್ಬರ 30 ಮಿ.ಮೀ. ಒಳ ಅಗಲದ ಚಕ್ರಗಳನ್ನು ಆರು ವಾರಕ್ಕೆ ಎರವಲು ಪಡೆದು ಓಡಿಸಿದೆ. ಸರಿಯಾದ ರಿಮ್ಮಿನ ಮೇಲೆ ಇದರ ಅನುಭವವೇ ಬೇರೆ. ಮುಂದೆ 16, ಹಿಂದೆ 18 ಪಿಎಸ್‌ಐಗೆ ಇಳಿಸಿದರೂ ಟೈರು ಹೊರಳಲಿಲ್ಲ, ಹಿಂದೆ ಸಸ್ಪೆನ್ಷನ್ ಇಲ್ಲದ ನನ್ನ ಸೈಕಲಿಗೆ ಯಾರೋ ಅರ್ಧ ಸಸ್ಪೆನ್ಷನ್ ಕೊಟ್ಟ ಹಾಗಾಯಿತು. ಬಾದಾಮಿಯ ಕಡೆಯ ಮರಳುಗಲ್ಲಿನಂಥ ಏರುಪೇರು ಬಂಡೆಹಾಸಿನ ಮೇಲೆ ಕುಳಿತೇ ಪೆಡಲ್ ತುಳಿಯಬಹುದಾದದ್ದು ಈ ಜೋಡಿಯಲ್ಲಿ ಮಾತ್ರ. ಆಸ್ಪೆನ್‌ನ ನಡುವಿನ ಬಟನ್‌ಗಳು ಗಿಡ್ಡ ಮತ್ತು ಒತ್ತು, ಒಣ ನೆಲಕ್ಕೇ ಹೇಳಿ ಮಾಡಿಸಿದ ಹಾಗಿವೆ. ರೆಕಾನ್ ರೇಸ್‌ನ ನಡುಭಾಗವೂ ಗಿಡ್ಡವೇ, ಆದರೆ ಅಂಚಿನ ಬಟನ್‌ಗಳು ದಪ್ಪ, ಸೈಕಲನ್ನು ಧೈರ್ಯವಾಗಿ ವಾಲಿಸಿದರೆ ಮಾತ್ರ ಅವು ನೆಲ ಮುಟ್ಟಿ ಕೆಲಸ ಶುರುಮಾಡುತ್ತವೆ. ನನ್ನಂತೆ ಅರ್ಧಮನಸ್ಸಿನಿಂದ ವಾಲಿಸುವವರಿಗಿಂತ ತಿರುವುಗಳಲ್ಲಿ ನುರಿತವರ ಕೈಯಲ್ಲಿ ಇದು ಹೆಚ್ಚು ಬೆಳಗುತ್ತದೆ. ಚಕ್ರ ಮರಳಿಸುವ ದಿನ ನನಗೆ ಬೇಸರವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಹೊಸ ಸೈಕಲ್ ಕೊಳ್ಳುವವರು, ಅದರಲ್ಲೂ 30 ಮಿ.ಮೀ. ರಿಮ್ ಇರುವವರು, ಮೊದಲು ನೋಡಬೇಕಾದದ್ದು ಇಂಥ ಅಗಲದ ಟೈರನ್ನೇ.

ಕೆಸರಿನ ವಿಷಯದಲ್ಲಿ ಈ ಮೂರೂ ಜೋಡಿಗಳನ್ನು ತೂಗುವುದು ನ್ಯಾಯವಲ್ಲ. 2021ರ ಜುಲೈಯಲ್ಲಿ ಜಪಾನಿನ ಇಜುವಿನಲ್ಲಿ ನಡೆದ ಒಲಿಂಪಿಕ್ ಸ್ಪರ್ಧೆಯಲ್ಲಿ ಪುರುಷರು ಒಣ ಹಾದಿಯಲ್ಲಿ ಓಡಿದ ಮರುದಿನವೇ ಮಳೆ ಬಿದ್ದ ಹಾದಿಯಲ್ಲಿ ಮಹಿಳೆಯರು ಓಡಬೇಕಾಯಿತು. ಸ್ವಿಟ್ಜರ್ಲೆಂಡಿನ ಯೊಲಾಂಡಾ ನೆಫ್ ಗೆದ್ದು, ಅವರ ದೇಶದವರೇ ಇನ್ನಿಬ್ಬರು ಹಿಂದೆ ಬಂದರು. ಒಂದೇ ಹಾದಿ ಒಂದು ರಾತ್ರಿಯಲ್ಲಿ ಬೇರೆ ಟೈರು ಕೇಳುತ್ತದೆ ಎಂಬುದಕ್ಕೆ ಅದಕ್ಕಿಂತ ಉದಾಹರಣೆ ಬೇಡ. ನಮ್ಮಲ್ಲಿ ಕೆಸರು ಎರಡು ಬಗೆ. ಮಲೆನಾಡಿನ ಕೆಂಪು ಕೆಸರು ಜಾರುತ್ತದೆ, ಆದರೆ ವೇಗ ಹೆಚ್ಚಿಸಿದರೆ ಬಟನ್‌ಗಳ ನಡುವಿಂದ ಸಿಡಿದುಹೋಗುತ್ತದೆ. ಅಲ್ಲಿ ಬಾರ್ಜೊವನ್ನು ಎರಡೂ ಚಕ್ರಕ್ಕೆ ಹಾಕಿ, ಗಾಳಿ ಇನ್ನೊಂದು ಪಿಎಸ್‌ಐ ಇಳಿಸಿ ಸುಧಾರಿಸಿಕೊಳ್ಳಬಹುದು. ಎರೆ ಮಣ್ಣು ಸಿಡಿಯುವುದಿಲ್ಲ, ಬೆಳೆಯುತ್ತದೆ. ನೂರು ಗಜದಲ್ಲಿ ಟೈರಿನ ಸುತ್ತ ನಾದಿದ ಹಿಟ್ಟಿನಂತೆ ಹತ್ತಿ, ಫೋರ್ಕಿನ ಕಮಾನಿಗೆ ಸಿಕ್ಕಿ ಚಕ್ರವನ್ನೇ ನಿಲ್ಲಿಸುತ್ತದೆ. ಅಗಲ ಟೈರಿದ್ದರೆ ಜಾಗ ಇನ್ನೂ ಕಡಿಮೆ, ಬೇಗ ನಿಲ್ಲುತ್ತದೆ. ಅಂಥ ದಿನ ಹುಲ್ಲಿನ ಬದುವಿನ ಮೇಲೆ ಸೈಕಲ್ ಹೊತ್ತು ಓಡುವವನೇ ಜಾಣ, ಅವನ ಟೈರು ಯಾವುದೆಂದು ಯಾರೂ ಕೇಳುವುದಿಲ್ಲ.

ಮುಳ್ಳಿಗೆ ಉತ್ತರ ಟೈರಲ್ಲ, ಸೀಲೆಂಟ್. ಅಮೆರಿಕದ ಪಶ್ಚಿಮದ ಒಣ ರಾಜ್ಯಗಳಲ್ಲಿ ಸೈಕಲ್ ಸವಾರರು ಗೋಟ್‌ಹೆಡ್ ಎಂದು ಶಪಿಸುವ ಮುಳ್ಳು ಬೇರೇನೂ ಅಲ್ಲ, ನಮ್ಮ ಹೊಲದ ಬದುವಿನ ನೆಗ್ಗಿಲು. ನಾಲ್ಕು ಕಡೆ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ನಿಲ್ಲುವ ಅದರ ಕಾಯಿ ಯಾವ ಸ್ಪರ್ಧೆಯ ಟೈರಿನ ತಳವನ್ನಾದರೂ ದಾಟುತ್ತದೆ. ಟ್ಯೂಬ್ ಇದ್ದವರಿಗೆ ಅಲ್ಲಿಗೆ ಆಟ ಮುಗಿಯಿತು, ಸೀಲೆಂಟ್ ಇದ್ದವರಿಗೆ ಗೊತ್ತೂ ಆಗುವುದಿಲ್ಲ. ಒಮ್ಮೆ ಟೈರು ತೊಳೆಯುವಾಗ ಹಿಂದಿನದರಲ್ಲಿ ಹನ್ನೊಂದು ಮುಳ್ಳಿನ ಮೊನೆಗಳನ್ನು ಎಣಿಸಿದ್ದೇನೆ, ಅಷ್ಟೂ ಬಿಳಿ ಚುಕ್ಕೆಯಿಟ್ಟು ಮುಚ್ಚಿಕೊಂಡಿದ್ದವು. ಬಳ್ಳಾರಿ ಜಾಲಿಯ ಉದ್ದ ಮುಳ್ಳು ಚುಚ್ಚಿಕೊಂಡಿದ್ದು ಕಂಡರೆ ಸ್ಪರ್ಧೆಯ ನಡುವೆ ಕೀಳಲು ಹೋಗಬೇಡಿ. ಮುಗಿದ ಮೇಲೆ ಕಿತ್ತು, ರಂಧ್ರ ಕೆಳಗೆ ಬರುವಂತೆ ಚಕ್ರ ತಿರುಗಿಸಿ ನಿಲ್ಲಿಸಿ. ನಮ್ಮ ಸೆಕೆಗೆ ಸೀಲೆಂಟ್ ಬೇಗ ಆರುತ್ತದೆ. 29 ಇಂಚಿನ ಟೈರಿಗೆ ನಾನು ಮೊದಲ ಸಲ 100 ಮಿಲಿ ಹಾಕಿ, ಬೇಸಿಗೆಯಲ್ಲಿ ಆರು ವಾರಕ್ಕೊಮ್ಮೆ ವಾಲ್ವಿನ ಒಳತಿರುಳು ಬಿಚ್ಚಿ 40 ಮಿಲಿ ಸೇರಿಸುತ್ತೇನೆ. ಚಕ್ರವನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಎಳನೀರಿನ ಸದ್ದು ಬಂದರೆ ಇದೆ, ಬಾರದಿದ್ದರೆ ಆರಿದೆ.

ಬೆಲೆಯ ಮಾತಾಡದೆ ಈ ವಿಮರ್ಶೆ ಮುಗಿಯದು. ಇಲ್ಲಿ ಹೇಳಿದ ಟೈರುಗಳಲ್ಲಿ ನಾನು ಕೊಂಡವು ಒಂದೊಂದಕ್ಕೆ ನಾಲ್ಕು ಸಾವಿರದಿಂದ ಆರು ಸಾವಿರ ರೂಪಾಯಿಯವರೆಗೆ ಬಿದ್ದವು; ಸೀಲೆಂಟ್, ರಿಮ್ ಟೇಪು, ವಾಲ್ವು ಸೇರಿದರೆ ಮೊದಲ ಜೋಡಿಯ ಖರ್ಚು ಹನ್ನೆರಡು ಸಾವಿರ ದಾಟಿತು. ವಿಜಯಪುರ, ಬಾಗಲಕೋಟೆ, ಗದಗಗಳ ಕ್ರೀಡಾ ವಸತಿ ನಿಲಯಗಳಲ್ಲಿ ಸೈಕ್ಲಿಂಗ್ ಕಲಿತು ರಾಜ್ಯವನ್ನು ಪ್ರತಿನಿಧಿಸುವ ಮಕ್ಕಳ ಮನೆಯವರಿಗೆ ಇದು ಸಣ್ಣ ಮೊತ್ತವಲ್ಲ. ಅಂಥವರು ಕೇಳಿದರೆ ನನ್ನ ಉತ್ತರ ಹೀಗೆ: ಎರಡೂ ಚಕ್ರಕ್ಕೆ ಹೊಂದುವ ಒಂದೇ ಮಾದರಿಯನ್ನು, ಪದರವಿರುವ ಕವಚದಲ್ಲಿ, ಒಂದು ಸಲಕ್ಕೆ ಒಂದರಂತೆ ಕೊಳ್ಳಿ. ಹೊಸದು ಯಾವಾಗಲೂ ಮುಂದಕ್ಕೆ, ಮುಂದಿದ್ದದ್ದು ಹಿಂದಕ್ಕೆ, ಹಿಂದಿದ್ದದ್ದು ಅಭ್ಯಾಸಕ್ಕೆ. ಅಷ್ಟೂ ಆಗದಿದ್ದರೆ ಲುಧಿಯಾನದ ಸ್ವದೇಶಿ ಟೈರನ್ನೇ ಟ್ಯೂಬ್ ಹಾಕಿ, 28 ಪಿಎಸ್‌ಐಗೆ ಇಳಿಸಿ ಓಡಿಸಿ. ಟ್ಯೂಬ್ ಇದ್ದಾಗ ಅದಕ್ಕಿಂತ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತದೆ.

ಕೊಳ್ಳುವಾಗ ಇನ್ನೊಂದು ಜಾಗ್ರತೆ. ಹೆಸರು ಹೇಳಬಯಸದ ಒಂದು ಅಂಗಡಿಯಲ್ಲಿ ನನಗೆ ಅರ್ಧ ಬೆಲೆಗೆ ಸಿಕ್ಕ ಟೈರು ಕಿಟಕಿಯ ಬಿಸಿಲಿನಲ್ಲಿ ಎಷ್ಟೋ ಕಾಲ ನೇತಾಡಿದ್ದಾಗಿತ್ತು. ಮನೆಗೆ ತಂದು ಬಟನ್ ಒಂದನ್ನು ಉಗುರಿನಿಂದ ಬಾಗಿಸಿದಾಗ ಅದರ ಬುಡದಲ್ಲಿ ಕೂದಲಿನಂಥ ಬಿರುಕುಗಳು ಕಂಡವು. ಮರಳಿಸಲು ಹೋದರೆ ಹಾಕಿ ನೋಡಿದ ಮಾಲು ವಾಪಸಿಲ್ಲ ಎಂದರು. ಅಂದಿನಿಂದ ಅಂಗಡಿಯಲ್ಲೇ, ಅವರ ಎದುರಿಗೇ ನಾಲ್ಕು ಕಡೆ ಬಟನ್ ಬಾಗಿಸಿ ನೋಡುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಸದ್ಯ ನನ್ನ ಸೈಕಲಿನಲ್ಲಿ ಮುಂದೆ ಬಾರ್ಜೊ, ಹಿಂದೆ ಮೆಜ್ಕಲ್ ಇವೆ; ರೇಸ್ ಕಿಂಗ್ ಜೋಡಿ ಮಾಡಿನ ಮೇಲೆ, ಮುಂದಿನ ಉದ್ದ ದೂರದ ಸ್ಪರ್ಧೆಗೆ ಕಾಯುತ್ತಿದೆ. ಹಿಂದಿನ ಮೆಜ್ಕಲ್‌ನ ನಡುವಿನ ಸಾಲು ಅರ್ಧ ಸವೆದಿದೆ, ಸೈಡ್‌ವಾಲಿನಲ್ಲಿ ಬಂಡೆ ಉಜ್ಜಿದ ಮೂರು ಬೂದು ಗೆರೆಗಳಿವೆ, ಮೂರರಲ್ಲಿ ಯಾವುದೂ ದಾರದವರೆಗೆ ಇಳಿದಿಲ್ಲ.